ಹುಲಿಯೂ ಸಿಂಹವೂ ಎದುರಾದರೆ

ಅಕ್ಕನ ಮಗ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ಅದರ ಒಂದೊಂದು ಪುಟದಲ್ಲೂ ಎರಡೆರಡು ಪ್ರಾಣಿಗಳು. ನಡುವೆ ಉದ್ದಕ್ಕೆ ಒಂದು ಗೆರೆ, ಎಡಕ್ಕೆ ಒಂದು, ಬಲಕ್ಕೆ ಇನ್ನೊಂದು. ತೂಕ, ಉದ್ದ, ಓಟ, ಕೋರೆಹಲ್ಲು, ಪಂಜದ ಏಟು, ಹೀಗೆ ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಹಾಕುತ್ತಾನೆ. ಕೊನೆಗೆ ಕೂಡಿಸಿ, ಗೆದ್ದ ಪ್ರಾಣಿಯ ಹೆಸರಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾನೆ. ಹುಲಿ ಮತ್ತು ಸಿಂಹದ ಪುಟವನ್ನು ಮಾತ್ರ ಅಳಿಸಿ ಅಳಿಸಿ ಬರೆದು ಕಾಗದವೇ ತೆಳ್ಳಗಾಗಿತ್ತು. ಸುತ್ತು ಯಾರಿಗೂ ಬಿದ್ದಿರಲಿಲ್ಲ. "ಮಾಮಾ, ನೀನೇ ಹೇಳು, ಯಾರು ಗೆಲ್ತಾರೆ?" ಅಂತ ಕೇಳಿದ. ಆವತ್ತಿನಿಂದ ಆ ಪ್ರಶ್ನೆ ನನ್ನ ತಲೆಯಲ್ಲೇ ಕೂತಿದೆ.

ಇದನ್ನು ಮಕ್ಕಳಾಟ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ದೊಡ್ಡವರೂ ಇದನ್ನೇ ಕೇಳುತ್ತಾರೆ. ಎರಡು ಸಾವಿರ ವರ್ಷದಿಂದ ಕೇಳುತ್ತಲೇ ಬಂದಿದ್ದಾರೆ. ಒಂದು ಪ್ರಾಣಿಯ ಶಕ್ತಿ ಕಂಡು ಬೆರಗಾದವರಿಗೆ ಅದನ್ನು ಅಳೆದು ನೋಡಬೇಕು ಅನ್ನಿಸುತ್ತದೆ. ಅಳೆಯೋಕೆ ಅಷ್ಟೇ ಬಲದ ಇನ್ನೊಂದು ಪ್ರಾಣಿ ಬೇಕಾಗುತ್ತದೆ. ಹಾಗಾಗಿ ಮೊದಲು ನೇರವಾಗಿ ಉತ್ತರ ಹೇಳಿಬಿಡುತ್ತೇನೆ. ಆ ಉತ್ತರ ನನಗೆ ಯಾಕೆ ಸಾಕಾಗುವುದಿಲ್ಲ ಅನ್ನುವುದೇ ಈ ಬರಹ.

ಬಯಲಿನಲ್ಲಿ, ಒಂದಕ್ಕೆ ಒಂದು ಅಂತ ಬಿಟ್ಟರೆ, ದೊಡ್ಡ ಬಂಗಾಳ ಹುಲಿ ಸ್ವಲ್ಪ ಮುಂದಿರುತ್ತದೆ ಅಂತ ನನ್ನ ಅಂದಾಜು. ಕಾಡಿನ ಗಂಡು ಬಂಗಾಳ ಹುಲಿ ಸಾಮಾನ್ಯವಾಗಿ 180ರಿಂದ 260 ಕಿಲೋ ತೂಗುತ್ತದೆ. ಆಫ್ರಿಕಾದ ಗಂಡು ಸಿಂಹ ಸುಮಾರು 150ರಿಂದ 225 ಕಿಲೋ, ಗಿರ್ ಕಾಡಿನ ಗಂಡು ಸಿಂಹ 160ರಿಂದ 190 ಕಿಲೋ. ಹುಲಿಗೆ ಬೇಟೆಯಲ್ಲಿ ಯಾರ ಸಹಾಯವೂ ಇರುವುದಿಲ್ಲ. ತನಗಿಂತ ಎಷ್ಟೋ ಭಾರದ ಕಾಟಿಯನ್ನು ಅದು ಒಂಟಿಯಾಗಿ ಕೆಡವುತ್ತದೆ. ಹಿಂಗಾಲಿನ ಮೇಲೆ ಎದ್ದು ನಿಂತು ಎರಡೂ ಮುಂಗಾಲು ಬೀಸುವಷ್ಟು ಸೊಂಟದ ಬಲ ಅದಕ್ಕಿದೆ. ಸಿಂಹದ ಕಡೆ ನಿಂತು ನೋಡಿದರೂ ಹೇಳಲು ಬೇಕಾದಷ್ಟಿದೆ. ಗಂಡು ಸಿಂಹದ ಬದುಕಿನ ಮುಖ್ಯ ಕೆಲಸವೇ ಬೇರೆ ಗಂಡುಗಳ ಜೊತೆ ಕಾದಾಟ. ಹಿಂಡನ್ನು ಹಿಡಿಯಬೇಕು, ಹಿಡಿದಿದ್ದನ್ನು ಉಳಿಸಿಕೊಳ್ಳಬೇಕು, ಎರಡು ಮೂರು ವರ್ಷದಲ್ಲಿ ಇನ್ನೊಬ್ಬ ಬಂದು ಓಡಿಸುವವರೆಗೆ ದಿನವೂ ಕಾಯಬೇಕು. ತನ್ನದೇ ಗಾತ್ರದ, ತನ್ನದೇ ಥರದ ಎದುರಾಳಿಯ ಜೊತೆ ಹೊಡೆದಾಡಿದ ಅನುಭವ ಹುಲಿಗಿಂತ ಸಿಂಹಕ್ಕೇ ಜಾಸ್ತಿ.

ಆದರೆ ಯಾವ ಹುಲಿ, ಯಾವ ಸಿಂಹ? ಸುಮಾತ್ರಾ ದ್ವೀಪದ ಗಂಡು ಹುಲಿ 100ರಿಂದ 140 ಕಿಲೋ ಇರುತ್ತದೆ. ಅದನ್ನು ಆಫ್ರಿಕಾದ ದೊಡ್ಡ ಸಿಂಹದ ಮುಂದೆ ನಿಲ್ಲಿಸಿದರೆ ನನ್ನ ಅಂದಾಜು ತಲೆಕೆಳಗಾಗುತ್ತದೆ. ಸೈಬೀರಿಯಾದ ಹುಲಿ ಎಲ್ಲಕ್ಕಿಂತ ದೊಡ್ಡದು ಅಂತ ಎಲ್ಲರೂ ಹೇಳುತ್ತಾರೆ. ಇವತ್ತು ಅಲ್ಲಿನ ಕಾಡಿನಲ್ಲಿ ಹಿಡಿದು ತೂಗಿದ ಗಂಡುಗಳ ಸರಾಸರಿ 200 ಕಿಲೋ ಒಳಗೇ ಇದೆ. ವಯಸ್ಸು, ಹಸಿವು, ಹಳೆಯ ಗಾಯ, ಜಾಗ ಯಾರದು, ಇವೆಲ್ಲ ಸೇರಿದರೆ ಯಾವ ಪಟ್ಟಿಯೂ ಗಟ್ಟಿಯಾಗಿ ನಿಲ್ಲುವುದಿಲ್ಲ.

ಬಾಗಿಲು ಮುಚ್ಚಿದ ಜಾಗ

ನಿಜವಾಗಿಯೂ ಹೊಡೆದಾಡಿದ ಸಾಕ್ಷಿ ಇಲ್ಲವೇ ಅಂದರೆ, ಇದೆ. ಕ್ರಿ.ಶ. 80ರಲ್ಲಿ ರೋಮಿನ ಕೊಲೋಸಿಯಂ ಶುರುವಾದ ಕಾಲದ ಆಟಗಳನ್ನು ಕಂಡ ಕವಿಯೊಬ್ಬ ಒಂದು ಹೆಣ್ಣು ಹುಲಿಯ ಬಗ್ಗೆ ಬರೆದಿದ್ದಾನೆ. ಸಾಕಿದವನ ಕೈ ನೆಕ್ಕುವಷ್ಟು ಪಳಗಿದ್ದ ಹುಲಿ ಅದು. ಅಖಾಡದಲ್ಲಿ ಸಿಂಹವೊಂದನ್ನು ಹರಿದುಹಾಕಿತಂತೆ. ಅವನ ಮುಂದಿನ ಮಾತು ಓದಿ ನಾನು ಅಲ್ಲೇ ನಿಂತುಬಿಟ್ಟೆ. ದಟ್ಟ ಕಾಡಿನಲ್ಲಿ ಇದ್ದಾಗ ಈ ಹುಲಿ ಇಂಥದ್ದಕ್ಕೆ ಕೈ ಹಾಕಿರಲಿಲ್ಲ, ನಮ್ಮ ನಡುವೆ ಬಂದ ಮೇಲೆಯೇ ಇದರ ಕ್ರೌರ್ಯ ಹೆಚ್ಚಿದ್ದು ಅನ್ನುತ್ತಾನೆ. ಚಕ್ರವರ್ತಿಯನ್ನು ಹೊಗಳಲೆಂದೇ ಬರೆದ ಪದ್ಯಗಳ ನಡುವೆ ಇಷ್ಟು ನಿಜವಾದ ಸಾಲು ಹೇಗೆ ಬಂತೋ.

ಇತ್ತೀಚಿನದು 2011ರದ್ದು. ಟರ್ಕಿಯ ಅಂಕಾರಾ ಮೃಗಾಲಯದಲ್ಲಿ ಹುಲಿ ಮತ್ತು ಸಿಂಹದ ಆವರಣಗಳು ಅಕ್ಕಪಕ್ಕ ಇದ್ದವು. ನಡುವಿನ ಬೇಲಿಯ ಸಂದಿಯಿಂದ ಹುಲಿ ಪಂಜ ಬೀಸಿತು. ಕುತ್ತಿಗೆಯ ರಕ್ತನಾಳ ಹರಿದು ಸಿಂಹ ಸತ್ತಿತು. ಹುಲಿಯ ಪರ ವಾದ ಮಾಡುವವರು ಈ ಘಟನೆಯನ್ನು ಈಗಲೂ ಎತ್ತುತ್ತಾರೆ. ಹುಲಿಯ ಪಂಜಕ್ಕೆ ಎಷ್ಟು ಶಕ್ತಿ ಇದೆ ಅನ್ನುವುದಕ್ಕೆ ಅದು ಸಾಕ್ಷಿ ಹೌದು. ಆದರೆ ರೋಮಿನಲ್ಲೂ ಅಂಕಾರಾದಲ್ಲೂ ಹಿಂದೆ ಸರಿಯಲು ಜಾಗ ಇರಲಿಲ್ಲ. ಎರಡು ಪ್ರಾಣಿಗಳು ಎಷ್ಟು ಹತ್ತಿರ ಇರಬೇಕು ಅಂತ ತೀರ್ಮಾನ ಮಾಡಿದ್ದು ಮನುಷ್ಯರು.

ನೋಟ್‌ಬುಕ್ಕಿನ ಪುಟದಲ್ಲೂ ನಮಗೆ ಗೊತ್ತಿಲ್ಲದೆ ಇದೇ ಆಗುತ್ತದೆ. "ಒಂದಕ್ಕೆ ಒಂದು" ಅಂದ ತಕ್ಷಣ ಸಿಂಹದಿಂದ ಅದರ ಹಿಂಡನ್ನು ಕಿತ್ತುಕೊಂಡಿರುತ್ತೇವೆ. ಸಿಂಹದ ಬಲ ಅದರ ಹಲ್ಲಿನಲ್ಲಿ ಎಷ್ಟಿದೆಯೋ ಜೊತೆಗಾರರಲ್ಲಿ ಅಷ್ಟೇ ಇದೆ. ಗಂಡುಗಳು ಅಣ್ಣತಮ್ಮಂದಿರ ಜೊತೆ ಗುಂಪು ಕಟ್ಟಿಕೊಂಡು ಬರುತ್ತವೆ, ಹೆಣ್ಣುಗಳು ಒಟ್ಟಿಗೆ ಬೇಟೆಯಾಡುತ್ತವೆ, ಒಟ್ಟಿಗೆ ಮರಿ ಕಾಯುತ್ತವೆ. "ಬಯಲಿನಲ್ಲಿ" ಅಂದ ತಕ್ಷಣ ಹುಲಿಯಿಂದ ಅದರ ಪೊದೆಯನ್ನು, ನೆರಳನ್ನು, ಕತ್ತಲನ್ನು ಕಿತ್ತುಕೊಂಡಿರುತ್ತೇವೆ. ಹುಲಿಯ ಮೈಮೇಲಿನ ಪಟ್ಟೆ ಇರುವುದೇ ಕಾಣಿಸದೆ ಹತ್ತಿರ ಬರಲು. ಹೀಗೆ ಎರಡನ್ನೂ ಬರಿಗೈ ಮಾಡಿ ನಿಲ್ಲಿಸಿ, ಈಗ ಯಾರು ಮೇಲು ಅಂತ ಕೇಳುತ್ತೇವೆ. ಆಗ ಉಳಿಯುವುದು ತೂಕ ಮತ್ತು ಹಲ್ಲು ಮಾತ್ರ ಅಲ್ವಾ?

ನೀರಿನ ಹತ್ತಿರ ನಡೆದದ್ದು

ಹುಲಿಗಳ ಜಗಳವನ್ನು ನಾನೊಮ್ಮೆ ಕಣ್ಣಾರೆ ನೋಡಿದ್ದೇನೆ. ಸಫಾರಿ ಜೀಪಿನಲ್ಲಿದ್ದೆವು, ಸಂಜೆ ಬಿಸಿಲು ಇಳಿಯುತ್ತಿತ್ತು. ಒಂದು ಹೆಣ್ಣು ಹುಲಿ ಹೊಂಡದ ನೀರಿನಲ್ಲಿ ಹಿಂಭಾಗ ಮುಳುಗಿಸಿಕೊಂಡು ಮಲಗಿತ್ತು. ಡ್ರೈವರ್ ಇಂಜಿನ್ ಆಫ್ ಮಾಡಿದ. ಅಷ್ಟರಲ್ಲಿ ಜೀಪಿನ ಹಾದಿಯಲ್ಲೇ ಇನ್ನೊಂದು ಹೆಣ್ಣು ಹುಲಿ ನಡೆದು ಬಂತು. ನೀರಿನಲ್ಲಿದ್ದದ್ದು ತಲೆ ಎತ್ತಿತು. ಅದರ ಕಿವಿಗಳು ಹಿಂದಕ್ಕೆ ತಿರುಗಿ, ಹಿಂಬದಿಯ ಬಿಳಿ ಚುಕ್ಕೆಗಳು ಮುಂದಿನಿಂದಲೇ ಕಾಣಿಸಿದವು. ಬಂದ ಹುಲಿ ನಿಂತಿತು, ತಲೆ ತಗ್ಗಿಸಿತು, ಬಾಲದ ತುದಿ ಮಾತ್ರ ಅಲ್ಲಾಡುತ್ತಿತ್ತು. ಎಷ್ಟೋ ಹೊತ್ತು ಎರಡೂ ಹಾಗೇ ಇದ್ದವು. ಗೊಣಗಿದಂಥ ಸದ್ದು ಕಿವಿಗಿಂತ ಮೊದಲು ಕೂತಿದ್ದ ಸೀಟಿನ ಕಬ್ಬಿಣದಲ್ಲಿ ಗೊತ್ತಾಯಿತು.

ಆಮೇಲೆ ನಡೆದದ್ದನ್ನು ಬರೆಯಲು ಬೇಕಾಗುವಷ್ಟು ಸಮಯವೂ ಅದಕ್ಕೆ ಬೇಕಾಗಲಿಲ್ಲ. ಎರಡೂ ಹಿಂಗಾಲಿನ ಮೇಲೆ ಎದ್ದವು, ಎದೆಗೆ ಎದೆ ಕೊಟ್ಟವು, ಪಂಜಗಳು ಮುಖದ ಮೇಲೆ ಬಿದ್ದವು, ನೀರು ಹಾರಿತು, ಕಾಡೇ ನಡುಗುವಂಥ ಗರ್ಜನೆ. ಅಷ್ಟರಲ್ಲಿ ಬಂದ ಹುಲಿ ಅಂಗಾತ ಬಿತ್ತು. ಬಿತ್ತು ಅನ್ನುವುದಕ್ಕಿಂತ ತಾನೇ ಮಲಗಿತು ಅನ್ನಬೇಕು. ಹೊಟ್ಟೆ ಮೇಲೆ, ನಾಲ್ಕು ಪಂಜವೂ ಮೇಲೆ, ಬಾಯಿ ತೆರೆದೇ ಇತ್ತು. ಮೊದಲನೆಯದು ಅದರ ಮೇಲೆ ನಿಂತು ನೋಡಿತು. ಆಮೇಲೆ ಮುಖ ಪಕ್ಕಕ್ಕೆ ತಿರುಗಿಸಿ, ನಿಧಾನವಾಗಿ ನಡೆದು ಹೋಗಿ ಒಂದು ಮರದ ಬುಡಕ್ಕೆ ಉಚ್ಚೆ ಸಿಡಿಸಿ ಗುರುತು ಹಾಕಿತು. ಮಲಗಿದ್ದದ್ದು ಎದ್ದು ಮುಂಗಾಲು ನೆಕ್ಕಿಕೊಂಡು ಬಂದ ದಾರಿಯಲ್ಲೇ ವಾಪಸ್ ಹೋಯಿತು.

ಹಿಂದಿನ ಸೀಟಿನಲ್ಲಿ ಒಬ್ಬರು "ಇಷ್ಟೇನಾ?" ಅಂದರು. ಗೈಡ್ ಮೆಲ್ಲಗೆ ಹೇಳಿದ: "ಅವೆರಡೂ ಅಕ್ಕ ತಂಗಿ ಸಾರ್. ಮೂಗಿನ ಮೇಲೆ ಒಂದು ಗೀರು ಬಿತ್ತು, ಅಷ್ಟೇ. ಮುಗೀತು." ಅವನ ದನಿಯಲ್ಲಿ ಸಮಾಧಾನವಿತ್ತು. ತನಗೆ ಗೊತ್ತಿರುವ ಎರಡು ಪ್ರಾಣಿಗಳು ಕಾಲಿಗೆ ಕೈಗೆ ಏನೂ ಮಾಡಿಕೊಳ್ಳದೆ ಜಗಳ ಮುಗಿಸಿದವು ಅನ್ನುವ ಸಮಾಧಾನ. ಆ ಎರಡು ಮಾತುಗಳ ನಡುವೆ ಎಷ್ಟು ದೂರ ಇದೆ ಅಂತ ನಾನು ಇವತ್ತಿಗೂ ಯೋಚಿಸುತ್ತೇನೆ. ಒಬ್ಬರು ಜಗಳ ನೋಡಿದರು, ಇನ್ನೊಬ್ಬರು ಆ ಹುಲಿಗಳ ನಾಳೆಯನ್ನು ನೋಡಿದರು.

ಪ್ರಾಣಿಗಳು ಇಷ್ಟಕ್ಕೇ ಯಾಕೆ ನಿಲ್ಲಿಸುತ್ತವೆ ಅನ್ನುವುದು ಬಹಳ ಕಾಲ ಒಗಟಾಗಿತ್ತು. ತಮ್ಮ ಜಾತಿ ಉಳಿಯಲಿ ಅಂತ ತಡೆದುಕೊಳ್ಳುತ್ತವೆ ಅಂತ ಮೊದಲು ನಂಬಿದ್ದರು. 1973ರಲ್ಲಿ ವಿಜ್ಞಾನಿಗಳಾದ ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್ ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದರು. ಯಾವಾಗಲೂ ಸಾಯುವ ತನಕ ಹೊಡೆದಾಡುವ ಪ್ರಾಣಿಗೆ ಕೊನೆಗೆ ನಷ್ಟವೇ ಹೆಚ್ಚು ಅಂತ ಗೊತ್ತಾಯಿತು. ಗಾಯಕ್ಕೆ ತೆರುವ ಬೆಲೆ ಗೆದ್ದಾಗ ಸಿಗುವುದಕ್ಕಿಂತ ದೊಡ್ಡದು. ಜಾತಿಯ ಮೇಲಿನ ಕಾಳಜಿಯ ಮಾತೇ ಬೇಕಿಲ್ಲ, ತನ್ನ ಲಾಭ ನೋಡಿಕೊಳ್ಳುವ ಪ್ರಾಣಿಯೂ ಸಮಯ ನೋಡಿ ಹಿಂದೆ ಸರಿಯುತ್ತದೆ.

ಸರಿಯಬೇಕೋ ಬೇಡವೋ ಅಂತ ತಿಳಿಯಲು ಎದುರಾಳಿಯನ್ನು ಮೊದಲೇ ಅಳೆಯಬೇಕು. ಸಿಂಹಗಳು ಇದರಲ್ಲಿ ಬಹಳ ಜಾಣ. ಆಫ್ರಿಕಾದ ಸೆರೆಂಗೆಟಿ ಬಯಲಿನಲ್ಲಿ ಸಂಶೋಧಕರು ಹೆಣ್ಣು ಸಿಂಹಗಳಿಗೆ ಪರಕೀಯ ಸಿಂಹಗಳ ಗರ್ಜನೆಯ ರೆಕಾರ್ಡಿಂಗ್ ಕೇಳಿಸಿದರು. ಒಂದೇ ದನಿ ಕೇಳಿದಾಗ ಅವು ಓಡಿಸಲು ಮುಂದೆ ಬಂದವು. ಮೂರು ದನಿ ಒಟ್ಟಿಗೆ ಕೇಳಿದಾಗ ತಮ್ಮ ಕಡೆ ಎಷ್ಟು ಜನ ಇದ್ದಾರೆ ಅಂತ ನೋಡಿಕೊಂಡು ಹೆಜ್ಜೆ ಇಟ್ಟವು. 1994ರಲ್ಲಿ ಪ್ರಕಟವಾದ ಈ ಅಧ್ಯಯನ ಓದಿದ ಮೇಲೆ ಗರ್ಜನೆ ನನಗೆ ಬೇರೆ ಥರವೇ ಕೇಳಿಸುತ್ತದೆ. ಅದೇ ಸೆರೆಂಗೆಟಿಯಲ್ಲಿ ಪೇಟನ್ ವೆಸ್ಟ್ ಮತ್ತು ಕ್ರೇಗ್ ಪ್ಯಾಕರ್ ಸಿಂಹದ ಗಾತ್ರದ ಬೊಂಬೆಗಳಿಗೆ ಬೇರೆ ಬೇರೆ ಕೇಸರ ತೊಡಿಸಿ ಇಟ್ಟರು. ಉದ್ದ ಕೇಸರದ ಬೊಂಬೆಯ ಹತ್ತಿರ ಹೋಗಲು ಗಂಡು ಸಿಂಹಗಳು ಹಿಂಜರಿದವು. ಹೆಣ್ಣುಗಳು ಕಪ್ಪು ಕೇಸರದ ಕಡೆ ನಡೆದವು. ಕೇಸರ ಕುತ್ತಿಗೆಗೆ ಕವಚ ಅಂತ ನಾವೆಲ್ಲ ಕೇಳಿಕೊಂಡು ಬಂದಿದ್ದೇವೆ. 2002ರ ಆ ಅಧ್ಯಯನದ ಪ್ರಕಾರ ಅದರ ಮುಖ್ಯ ಕೆಲಸ, ತಾನು ಎಷ್ಟು ಗಟ್ಟಿ ಅಂತ ದೂರದಿಂದಲೇ ತಿಳಿಸುವುದು. ಎಷ್ಟೋ ಜಗಳಗಳು ಅಲ್ಲೇ ತೀರ್ಮಾನವಾಗಿಬಿಡುತ್ತವೆ.

ಒಂದು ಹಲ್ಲು

ಒಂದು ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿ ಹುಲಿಯ ತಲೆಬುರುಡೆ ನೋಡಿದ್ದು ನೆನಪಿದೆ. ಮೇಲಿನ ಕೋರೆಹಲ್ಲು ಒಂದು ಕಡೆ ಪೂರ್ತಿ ಇತ್ತು. ಇನ್ನೊಂದು ಕಡೆ ಅರ್ಧಕ್ಕೇ ಮುರಿದಿತ್ತು. ಮುರಿದ ಅಂಚು ಸವೆದು ನುಣ್ಣಗಾಗಿತ್ತು. ಅಂದರೆ ಹಲ್ಲು ಮುರಿದ ಮೇಲೂ ಆ ಹುಲಿ ಬಹಳ ದಿನ ಬದುಕಿತ್ತು. ಆ ದಿನಗಳು ಹೇಗಿದ್ದವು ಅಂತ ಯೋಚಿಸುತ್ತಾ ನಾನು ಅಲ್ಲಿಂದ ಕದಲಲಿಲ್ಲ. ಹುಲಿಯ ಹತ್ತು ಪ್ರಯತ್ನದಲ್ಲಿ ಒಂಬತ್ತು ಬೇಟೆ ತಪ್ಪಿಹೋಗುವುದು ಮಾಮೂಲು, ಅದೂ ಎಲ್ಲ ಸರಿ ಇದ್ದಾಗ. ಕಡವೆಯ ಕುತ್ತಿಗೆ ಹಿಡಿದು ಉಸಿರು ನಿಲ್ಲುವವರೆಗೆ ಬಿಡದೆ ಇರಲು ನಾಲ್ಕು ಕೋರೆಹಲ್ಲೂ ಬೇಕು. ಹಿಂಡಿನ ಸಿಂಹವಾದರೆ ಇತರರು ಕೆಡವಿದ್ದರಲ್ಲಿ ಪಾಲು ಸಿಗಬಹುದು. ಒಂಟಿ ಹುಲಿಗೆ ಆ ಆಸರೆಯೂ ಇಲ್ಲ.

1907ರಲ್ಲಿ ಕುಮಾವೂನಿನ ಚಂಪಾವತ್‌ನಲ್ಲಿ ಜಿಮ್ ಕಾರ್ಬೆಟ್ ಗುಂಡಿಟ್ಟು ಕೊಂದ ನರಭಕ್ಷಕ ಹುಲಿಯ ಬಲಗಡೆಯ ಎರಡು ಕೋರೆಹಲ್ಲುಗಳೂ ಮುರಿದಿದ್ದವು. ಹಳೆಯ ಗುಂಡಿನೇಟಿನಿಂದ ಹಾಗಾಗಿತ್ತು, ಸಹಜ ಬೇಟೆ ಬಿಟ್ಟು ಮನುಷ್ಯರ ಮೇಲೆ ಬಿದ್ದಿದ್ದು ಅದಕ್ಕೇ ಅಂತ ಅವರು ತಿಳಿದರು. 1898ರಲ್ಲಿ ಕೀನ್ಯಾದ ತ್ಸಾವೊದಲ್ಲಿ ರೈಲು ಸೇತುವೆಯ ಕೆಲಸಗಾರರನ್ನು ಕೊಂದ ಎರಡು ಸಿಂಹಗಳ ತಲೆಬುರುಡೆಗಳು ಈಗ ಶಿಕಾಗೋದ ಮ್ಯೂಸಿಯಂನಲ್ಲಿವೆ. ಅವುಗಳಲ್ಲಿ ಒಂದರ ಕೋರೆಹಲ್ಲು ಮುರಿದು ಬೇರಿನಲ್ಲಿ ಕೀವು ಕಟ್ಟಿತ್ತು. ರಣಥಂಬೋರಿನ ಪ್ರಸಿದ್ಧ ಹೆಣ್ಣು ಹುಲಿ ಮಛಲಿ ಮುದಿವಯಸ್ಸಿನಲ್ಲಿ ಕೋರೆಹಲ್ಲು ಕಳೆದುಕೊಂಡಿತ್ತು. ಕೊನೆಕೊನೆಗೆ ಅರಣ್ಯ ಇಲಾಖೆಯವರೇ ಅದಕ್ಕೆ ಆಹಾರ ಒದಗಿಸಬೇಕಾಯಿತು. 2016ರ ಆಗಸ್ಟಿನಲ್ಲಿ ಸತ್ತಾಗ ಅದಕ್ಕೆ ಹತ್ತೊಂಬತ್ತರ ಆಸುಪಾಸು, ಕಾಡಿನ ಹುಲಿಗೆ ಅಪರೂಪದ ಆಯಸ್ಸು.

ಈಗ ಹುಲಿಯ ಜಾಗದಲ್ಲಿ ನಿಂತು ಎದುರಿಗಿರುವ ಸಿಂಹವನ್ನು ನೋಡಿ. ಕೊಂದರೆ ಸಿಗುವುದೇನು? ಅಷ್ಟೇ ಮಾಂಸ ಒಂದು ಕಡವೆಯಿಂದ ಸಿಗುತ್ತದೆ, ಕಡವೆ ತಿರುಗಿ ಕುತ್ತಿಗೆ ಹಿಡಿಯುವುದಿಲ್ಲ. ಗೆದ್ದ ಮೇಲೂ ಒಂದು ಹಲ್ಲು ಹೋದರೆ, ಒಂದು ಮುಂಗಾಲಿಗೆ ಕೀವು ತುಂಬಿದರೆ, ಮುಂದಿನ ತಿಂಗಳು ಹಸಿವಿನಿಂದ ಸಾಯುವುದು ಗೆದ್ದ ಪ್ರಾಣಿಯೇ. ನೋಟ್‌ಬುಕ್ಕಿನ ಪಟ್ಟಿ ಜಗಳ ಮುಗಿದ ನಿಮಿಷಕ್ಕೆ ಮುಗಿಯುತ್ತದೆ. ಪ್ರಾಣಿಯ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.

ನಿಜವಾಗಿ ಎದುರಾದಾಗ

ದೊಡ್ಡ ಬೇಟೆಗಾರ ಪ್ರಾಣಿಗಳು ಎಂದೂ ಎದುರಾಗುವುದೇ ಇಲ್ಲ ಅಂತಲ್ಲ. ರಷ್ಯಾದ ಸಿಖೋಟೆ ಅಲಿನ್ ಬೆಟ್ಟಗಳಲ್ಲಿ ಹುಲಿಗಳೂ ಕಂದು ಕರಡಿಗಳೂ ಒಟ್ಟಿಗೆ ಇವೆ. ಹುಲಿ ಕರಡಿಯನ್ನು ಕೊಂದು ತಿನ್ನುವುದುಂಟು, ಹೆಚ್ಚಾಗಿ ತನಗಿಂತ ಚಿಕ್ಕದನ್ನು ನೋಡಿ. ದೊಡ್ಡ ಗಂಡು ಕರಡಿ ಹುಲಿಯ ಹೆಜ್ಜೆ ಹಿಡಿದು ಹೋಗಿ ಅದರ ಬೇಟೆಯನ್ನು ಕಿತ್ತುಕೊಳ್ಳುವುದೂ ಉಂಟು. ಅಲ್ಲಿ ಯಾರು ಮೇಲು ಅನ್ನುವುದು ಆ ದಿನ ಎದುರಾದ ಆ ಎರಡು ಪ್ರಾಣಿಗಳ ಗಾತ್ರದ ಮೇಲೆ ಹೋಗುತ್ತದೆ. ಆಫ್ರಿಕಾದಲ್ಲಿ ಕತ್ತೆಕಿರುಬಗಳ ಗುಂಪು ಹೆಣ್ಣು ಸಿಂಹಗಳಿಂದ ಬೇಟೆ ಕಸಿಯುತ್ತದೆ. ಅಲ್ಲೇ ಒಂದು ದೊಡ್ಡ ಗಂಡು ಸಿಂಹ ಇದ್ದರೆ ಆ ಗುಂಪು ದೂರದಲ್ಲೇ ಕೂಗುತ್ತಾ ನಿಲ್ಲುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಸಮುದ್ರದ ಕಥೆ. ಓರ್ಕಾ (ಕಿಲ್ಲರ್ ವೇಲ್) ಮತ್ತು ದೊಡ್ಡ ಬಿಳಿ ಶಾರ್ಕ್, ಯಾರು ಗೆಲ್ಲುತ್ತಾರೆ ಅನ್ನುವ ಪ್ರಶ್ನೆಗೆ ಅಲ್ಲಿ ಸ್ಪಷ್ಟ ಉತ್ತರ ಇದೆ. 1997ರಲ್ಲಿ ಕ್ಯಾಲಿಫೋರ್ನಿಯಾದ ಫ್ಯಾರಲಾನ್ ದ್ವೀಪಗಳ ಹತ್ತಿರ ಓರ್ಕಾ ಒಂದು ಬಿಳಿ ಶಾರ್ಕನ್ನು ಕೊಂದದ್ದನ್ನು ದೋಣಿಯಲ್ಲಿದ್ದವರು ನೋಡಿದರು. 2017ರಲ್ಲಿ ದಕ್ಷಿಣ ಆಫ್ರಿಕಾದ ಗಾನ್ಸ್‌ಬಾಯ್ ದಡಕ್ಕೆ ಈಲಿ (ಲಿವರ್) ಇಲ್ಲದ ಶಾರ್ಕ್‌ಗಳ ಶವ ಬಂದು ಬಿದ್ದವು. ಪೋರ್ಟ್, ಸ್ಟಾರ್‌ಬೋರ್ಡ್ ಅಂತ ಜನ ಹೆಸರಿಟ್ಟಿರುವ ಎರಡು ಗಂಡು ಓರ್ಕಾಗಳ ಕೆಲಸ ಅದು. 2023ರಲ್ಲಿ ಸ್ಟಾರ್‌ಬೋರ್ಡ್ ಒಂಟಿಯಾಗಿ ಒಂದು ಎಳೆಯ ಬಿಳಿ ಶಾರ್ಕನ್ನು ಎರಡು ನಿಮಿಷದೊಳಗೆ ಕೊಂದಿತು. ಇಷ್ಟಾದರೂ ಕೊಂದ ಸಂಖ್ಯೆ ಕಡಿಮೆಯೇ. ದೊಡ್ಡ ಬದಲಾವಣೆ ಆದದ್ದು ಉಳಿದ ಶಾರ್ಕ್‌ಗಳಲ್ಲಿ. ಅವು ವರ್ಷಗಟ್ಟಲೆ ಬಂದು ಹೋಗುತ್ತಿದ್ದ ಕೊಲ್ಲಿಯನ್ನೇ ಬಿಟ್ಟು ಹೋದವು, ವಾರಗಟ್ಟಲೆ, ತಿಂಗಳುಗಟ್ಟಲೆ ಕಾಣಿಸಲಿಲ್ಲ. ಫ್ಯಾರಲಾನ್‌ನಲ್ಲೂ ಓರ್ಕಾ ಸುಳಿದು ಹೋದ ವರ್ಷ ಶಾರ್ಕ್‌ಗಳು ಜಾಗ ಖಾಲಿ ಮಾಡಿ ಆ ಸೀಸನ್ ಪೂರ್ತಿ ಬರದೇ ಇದ್ದದ್ದು ದಾಖಲಾಗಿದೆ.

ನಾಗರಹೊಳೆಯಲ್ಲಿ ಇದೇ ವಿಷಯಕ್ಕೆ ಇನ್ನೊಂದು ಮುಖ ಇದೆ. ಹುಲಿ, ಚಿರತೆ, ಸೀಳುನಾಯಿ ಮೂರೂ ಒಂದೇ ಕಾಡಿನಲ್ಲಿ ಬದುಕುತ್ತವೆ. ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಮೂರೂ ಕೊಲ್ಲುವ ಪ್ರಾಣಿಗಳ ಸರಾಸರಿ ತೂಕ ಕೊಟ್ಟಿದ್ದಾರೆ: ಹುಲಿಯದ್ದು 91.5 ಕಿಲೋ, ಚಿರತೆಯದ್ದು 37.6, ಸೀಳುನಾಯಿಯದ್ದು 43.4. ಹುಲಿಗೆ ಕಾಟಿ, ಕಡವೆ. ಉಳಿದೆರಡಕ್ಕೆ ಮುಖ್ಯವಾಗಿ ಜಿಂಕೆಯಂಥವು. ದೊಡ್ಡದು, ಚಿಕ್ಕದು ಎರಡೂ ಧಾರಾಳವಾಗಿ ಇರುವವರೆಗೆ ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕಬೇಕಾಗಿಲ್ಲ. ಎದುರಾದರೆ ಹುಲಿ ಚಿರತೆಯನ್ನು ಕೊಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಎದುರಾಗುವ ಸಂದರ್ಭ ಹೆಚ್ಚುವುದು ಕಾಟಿ, ಕಡವೆ ಕಡಿಮೆಯಾಗಿ ಹುಲಿಯೂ ಜಿಂಕೆಗೇ ಇಳಿದಾಗ. ಚಿರತೆ ಆಗ ಕಾಡಿನ ಅಂಚಿಗೆ ಸರಿಯುತ್ತದೆ, ಅಲ್ಲಿಂದ ಮುಂದೆ ಊರು ಶುರುವಾಗುತ್ತದೆ. ಕಾಡಿನಲ್ಲಿ ಜಗಳ ಹುಟ್ಟಿಸುವುದು ಬಹುಪಾಲು ನಾವೇ, ಕಾಡನ್ನು ಬಡವಾಗಿಸಿ.

ಕೂನೋ

ಹುಲಿ ಮತ್ತು ಸಿಂಹ ಎರಡೂ ಕಾಡಿನಲ್ಲಿ ಉಳಿದಿರುವ ದೇಶ ಇವತ್ತು ಭಾರತ ಒಂದೇ. ಉತ್ತರ ಮತ್ತು ಮಧ್ಯ ಭಾರತದಲ್ಲಿ ನೂರಾರು ವರ್ಷ ಎರಡೂ ಒಂದೇ ಸೀಮೆಯಲ್ಲಿ ಇದ್ದವು. ಬಂದೂಕು ಬಂದ ಮೇಲೆ ಸಿಂಹ ಗಿರ್‌ಗೆ ಸೀಮಿತವಾಯಿತು. 2025ರ ಗಣತಿಯಲ್ಲಿ ಗಿರ್ ಮತ್ತು ಅದರ ಸುತ್ತಲಿನ ಸೀಮೆಯಲ್ಲಿ 891 ಸಿಂಹಗಳು ಲೆಕ್ಕಕ್ಕೆ ಸಿಕ್ಕವು. ಸಂತೋಷದ ಸಂಖ್ಯೆ. ಆದರೆ ಎಲ್ಲವೂ ಒಂದೇ ಸೀಮೆಯಲ್ಲಿವೆ. 1994ರಲ್ಲಿ ಸೆರೆಂಗೆಟಿಯಲ್ಲಿ ನಾಯಿಗಳಿಂದ ಬಂದ ಡಿಸ್ಟೆಂಪರ್ ರೋಗ ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಬಲಿ ತೆಗೆದುಕೊಂಡಿತು. ಅದೇ ರೋಗ 2018ರಲ್ಲಿ ಗಿರ್‌ನಲ್ಲೂ ಕಾಣಿಸಿತು. ಅದಕ್ಕೇ ಎರಡನೆಯ ಮನೆಯಾಗಿ ಮಧ್ಯಪ್ರದೇಶದ ಕೂನೋವನ್ನು ಆರಿಸಿದ್ದು. ರಣಥಂಬೋರಿನ ಹುಲಿಗಳು ಅಲ್ಲಿಗೆ ಬಂದು ಹೋಗುತ್ತವೆ, ಎರಡೂ ಎದುರಾದರೆ ಏನು ಗತಿ ಅನ್ನುವ ಆಕ್ಷೇಪವೂ ಬಂತು. ನನ್ನ ಅಕ್ಕನ ಮಗನ ಪ್ರಶ್ನೆಯೇ ಅದು! 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಸಿಂಹಗಳನ್ನು ಕೂನೋಗೆ ಒಯ್ಯಿರಿ ಅಂತ ಆದೇಶ ಕೊಟ್ಟಿತು. ಸಿಂಹಗಳು ಹೋಗಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿಗೆ ಆಫ್ರಿಕಾದ ಚೀತಾಗಳು ಬಂದವು.

ಸಿಂಹಗಳು ಅಲ್ಲಿಗೆ ಹೋಗಲೇಬೇಕು ಅಂತ ನನ್ನ ಆಸೆ. ಹೋದರೆ ಏನಾಗಬಹುದು ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಹುಲ್ಲುಗಾವಲು, ಕುರುಚಲು ಕಾಡನ್ನು ಸಿಂಹದ ಹಿಂಡು ಹಿಡಿಯಬಹುದು. ನದಿಯ ಪಕ್ಕದ ಕಮರಿಗಳನ್ನು, ದಟ್ಟ ನೆರಳನ್ನು ಹುಲಿ ಹಿಡಿಯಬಹುದು. ಶುರುವಿನ ಒಂದೆರಡು ವರ್ಷ ಎರಡೂ ಕಡೆ ಮರಿಗಳು ಸಾಯಬಹುದು, ಒಂದೆರಡು ದೊಡ್ಡ ಪ್ರಾಣಿಗಳೂ ಸಾಯಬಹುದು. ಆಮೇಲೆ ಸಿಂಹದ ಗರ್ಜನೆಯಲ್ಲಿ ಎಷ್ಟು ದನಿ ಇದೆ ಅಂತ ಹುಲಿ ಕಲಿಯುತ್ತದೆ, ಮರದ ಬುಡದ ವಾಸನೆ ಎಷ್ಟು ಹಳೆಯದು ಅಂತ ಸಿಂಹ ಕಲಿಯುತ್ತದೆ. ರೇಡಿಯೋ ಕಾಲರ್ ಹಾಕಿದವರ ನಕ್ಷೆಯಲ್ಲಿ ಎರಡು ಬಣ್ಣದ ಗೆರೆಗಳು ಒಂದೇ ಹೊಂಡಕ್ಕೆ ಬಂದು ಹೋಗುತ್ತವೆ, ಒಂದು ಸಂಜೆ, ಇನ್ನೊಂದು ನಡುರಾತ್ರಿಯ ನಂತರ.